“ಚೆನ್ನಾಗಿತ್ತು ಅಣ್ಣಾ” ಎಂಬ ಸುಳ್ಳು



ಕಳೆದ ತಿಂಗಳ ಒಂದು ಭಾನುವಾರ. ಬೆಳಗಿನ ಪೂಜೆ ಮುಗಿಸಿ ನಾವು ಐದು ಮಂದಿ ಪೇಟೆಯ ಒಂದು ಹೋಟೆಲಿಗೆ ಹೋದೆವು. ಬನ್ಸ್, ಗೋಳಿಬಜೆ, ಚಾ ಹೇಳಿದೆವು. ಬನ್ಸ್ ಹಿಂದಿನ ದಿನದ್ದು, ಮುರಿದರೆ ರಬ್ಬರಿನ ಹಾಗೆ ಎಳೆಯುತ್ತಿತ್ತು. ಗೋಳಿಬಜೆಯ ಹೊರಮೈ ಕಪ್ಪು, ತಿಂದರೆ ಗಂಟಲಲ್ಲಿ ಕಮಟು. ಚಟ್ನಿ ಹುಳಿ ಬಂದಿತ್ತು. ಕುಡಿಯಲು ಇಟ್ಟ ನೀರು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಧ ತಿಂದು ಎದ್ದೆವು.

ಹಣ ಕೊಡುವಾಗ ಗಲ್ಲೆಯಲ್ಲಿ ಕೂತಿದ್ದ ಯಜಮಾನರು ಕೇಳಿದರು: “ಹೇಗಿತ್ತು ಮಕ್ಕಳೇ?”

ಐದೂ ಮಂದಿ ಒಟ್ಟಿಗೆ ಹೇಳಿದೆವು: “ಚೆನ್ನಾಗಿತ್ತು ಅಣ್ಣಾ.”

ಬೈಕ್ ಸ್ಟಾರ್ಟ್ ಮಾಡುವ ಮೊದಲೇ ಬೈಗುಳ ಶುರು. “ಇನ್ನು ಈ ಹೋಟೆಲಿಗೆ ಕಾಲಿಡಲಿಕ್ಕಿಲ್ಲ” ಎಂದು ಒಬ್ಬ. “ಇದಕ್ಕಿಂತ ಮನೆಯ ಹಳಸಿದ ಗಂಜಿ ವಾಸಿ” ಎಂದು ಇನ್ನೊಬ್ಬ. ಮಧ್ಯಾಹ್ನದ ಒಳಗೆ ವಾಟ್ಸಾಪ್ ಗುಂಪಿನಲ್ಲಿ ಆ ಗೋಳಿಬಜೆಯ ಫೋಟೋ ಬಂತು. ಅದರ ಕೆಳಗೆ ಸಾಲು ಸಾಲು ನಗು. ಗುಂಪಿನಲ್ಲಿದ್ದ ಎಲ್ಲರಿಗೂ ಗೊತ್ತಾದ ವಿಷಯ ಒಬ್ಬರಿಗೆ ಮಾತ್ರ ಗೊತ್ತಾಗಲಿಲ್ಲ. ಅವರು ಮರುದಿನ ಬೆಳಿಗ್ಗೆ ಅದೇ ಎಣ್ಣೆಯ ಬಾಣಲೆಯನ್ನು ಒಲೆಗೆ ಇಟ್ಟಿರಬೇಕು.

ಈ ಬರಹದ ಮೊದಲ ದೂರು ಆ ಐದು ಬಾಯಿಗಳ ಮೇಲೆ. ಅದರಲ್ಲಿ ಒಂದು ನನ್ನದು. ಹೋಟೆಲುಗಳ ಮೇಲಿನ ದೂರು ಆಮೇಲೆ ಬರುತ್ತದೆ, ಅದನ್ನೂ ಬಿಡುವುದಿಲ್ಲ. ನಾನು ಹೇಳುವುದು ಇಷ್ಟೆ: ಎದುರಿಗೆ ಹೊಗಳಿ ಹಿಂದಿನಿಂದ ಬೈಯುವುದನ್ನು ನಾವು ಮರ್ಯಾದೆ ಎಂದುಕೊಂಡಿದ್ದೇವೆ. ಅದು ಮರ್ಯಾದೆ ಅಲ್ಲ. ಅದರಿಂದ ತಿನ್ನುವವರ ಹೊಟ್ಟೆಯೂ ಕೆಡುತ್ತದೆ, ಊರಿನ ಹೋಟೆಲಿಗೆ ಬೀಗವೂ ಬೀಳುತ್ತದೆ.

ಹೆಸರು ಯಾಕೆ ಬರೆಯುವುದಿಲ್ಲ

“ಯಾವ ಹೋಟೆಲು, ಹೆಸರು ಹೇಳು” ಎಂದು ನೀವು ಕೇಳುತ್ತೀರಿ. ಹೇಳುವುದಿಲ್ಲ. ಹೆದರಿಕೆಯಿಂದ ಅಲ್ಲ. ಸಹೋದರನಲ್ಲಿ ತಪ್ಪು ಕಂಡರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳಬೇಕು ಎಂಬುದನ್ನು ನಾವೆಲ್ಲ ಮತ್ತಾಯನ 18ನೇ ಅಧ್ಯಾಯದಲ್ಲಿ ಕೇಳಿದವರು. ನಾವು ಆ ಕ್ರಮವನ್ನು ಪೂರ್ತಿ ತಿರುಗಿಸಿದ್ದೇವೆ. ಮೊದಲು ಊರಿಗೆಲ್ಲ ಹೇಳುತ್ತೇವೆ, ಅವನಿಗೆ ಮಾತ್ರ ಹೇಳುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಹೆಸರು ಹೇಳಿದ ಕೂಡಲೇ ಉಳಿದ ಹೋಟೆಲುಗಳೆಲ್ಲ ಸರಿ ಇವೆ ಎಂಬ ಹಾಗೆ ಆಗುತ್ತದೆ. ಕುಂಬಳೆಯಿಂದ ಒಳಗೆ ಬಂದು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನಾನು ಬಸ್ಸಿಗೆ ಕಾಯುತ್ತಾ ತಿಂದ ಹೋಟೆಲುಗಳು ಕಡಿಮೆಯಲ್ಲ. ಕಂಡ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದವರು ಬಹಳ ಮಂದಿ.

ಮೊದಲು ಋಣ

ಬೈಯುವ ಮೊದಲು ಲೆಕ್ಕ ಸರಿಯಾಗಿ ಹೇಳೋಣ. ಬೆಳಗ್ಗಿನ ಮೊದಲ ಬಸ್ಸು ಬರುವ ಹೊತ್ತಿಗೆ ನಮ್ಮ ಪೇಟೆಯಲ್ಲಿ ದೀಪ ಉರಿಯುವುದು ಹೋಟೆಲಿನಲ್ಲಿ ಮಾತ್ರ. ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಅಡಿಕೆ ಕೊಯ್ಯುವವರು, ಮಂಗಳೂರಿಗೆ ಆಸ್ಪತ್ರೆಗೆಂದು ಹೊರಟವರು, ಎಲ್ಲರಿಗೂ ಅಲ್ಲೇ ಮೊದಲ ಚಾ. ಹತ್ತಿರದಲ್ಲಿ ಅಡುಗೆ ಮಾಡಿ ಹಾಕುವವರಿಲ್ಲದ ಮುದುಕರು ಒಬ್ಬಿಬ್ಬರು ಪ್ರತಿ ಹೋಟೆಲಿನಲ್ಲೂ ದಿನಾ ಒಂದೇ ಮೂಲೆಯಲ್ಲಿ ಕೂತು ಊಟ ಮಾಡುತ್ತಾರೆ. ಸಾಲದ ಪುಸ್ತಕದಲ್ಲಿ ಯಾರ ಯಾರ ಹೆಸರಿದೆ ಎಂದು ಯಜಮಾನರು ಯಾರಿಗೂ ಹೇಳುವುದಿಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ಹೆಸರೂ ಅದರಲ್ಲಿ ಇತ್ತು.

ಒಳ್ಳೆಯ ಅಡುಗೆಯೂ ಇದೆ. ರಸ್ತೆ ಬದಿಯಲ್ಲಿ ಶೀಟಿನ ಮಾಡಿನ ಕೆಳಗೆ ಒಬ್ಬರು ಅಕ್ಕ ಮಧ್ಯಾಹ್ನ ಮಾತ್ರ ಊಟ ಬಡಿಸುತ್ತಾರೆ. ಕುಚ್ಚಿಲಕ್ಕಿ ಅನ್ನ, ಒಂದು ಪಲ್ಯ, ಬಂಗುಡೆ ಪುಳಿಮುಂಚಿ. ಎರಡು ಗಂಟೆಗೆ ಅನ್ನ ಖಾಲಿ, ಮತ್ತೆ ಕೇಳಿದರೆ “ಮುಗೀತು ಮಗಾ, ನಾಳೆ ಬಾ” ಎನ್ನುತ್ತಾರೆ. ಆ “ಮುಗೀತು” ಎಂಬ ಮಾತಿನಷ್ಟು ದೊಡ್ಡ ಗ್ಯಾರಂಟಿ ಯಾವ ಸರ್ಟಿಫಿಕೇಟಿನಲ್ಲೂ ಇಲ್ಲ. ಉಳಿದದ್ದನ್ನು ನಾಳೆ ಬಿಸಿ ಮಾಡಿ ಕೊಡುವ ಹೋಟೆಲಿನಲ್ಲಿ ಯಾವತ್ತೂ ಏನೂ ಮುಗಿಯುವುದೇ ಇಲ್ಲ.

ಕುಟುಂಬಶ್ರೀಯ ಹೆಂಗಸರ ಜನಕೀಯ ಹೋಟೆಲುಗಳನ್ನೂ ನೆನಪಿಸಬೇಕು. 2020ರಲ್ಲಿ ಶುರುವಾದಾಗ ಊಟಕ್ಕೆ 20 ರೂಪಾಯಿ, ಸರ್ಕಾರದ ಸಬ್ಸಿಡಿ 10 ರೂಪಾಯಿ. 2023ರಲ್ಲಿ ಸಬ್ಸಿಡಿ ನಿಂತು ಊಟ 30 ರೂಪಾಯಿ ಆಯಿತು. ಆಗ ನಮ್ಮಲ್ಲಿ ಕೆಲವರು “ರೇಟು ಜಾಸ್ತಿ ಮಾಡಿದರು” ಎಂದು ಗೊಣಗಿದರು. ಅದೇ ಬಾಯಿಗಳು ಹೈವೇ ಬದಿಯ ಎಸಿ ಹೋಟೆಲಿನಲ್ಲಿ ಮಂದಿ, ಅಲ್‌ಫಾಮ್ ತಿಂದು ಸಾವಿರದ ಬಿಲ್ಲಿಗೆ ಸೆಲ್ಫಿ ತೆಗೆಯುತ್ತವೆ.

ಈಗ ದೂರು: ನೀರು

ನಾನು ಬಿಎಸ್ಸಿ ಓದಿದವನು, ಡಾಕ್ಟರ್ ಅಲ್ಲ. ಆದರೂ ಲ್ಯಾಬಿನಲ್ಲಿ ಕಲಿತ ನಾಲ್ಕು ವಿಷಯ ಹೋಟೆಲಿನ ಮೇಜಿನ ಮೇಲೆ ಕಣ್ಣಿಗೆ ಹೊಡೆಯುತ್ತವೆ.

ನಮ್ಮ ಕಡೆ ಹೋಟೆಲಿನಲ್ಲಿ ಕೆಂಪು ಬಣ್ಣದ ಬಿಸಿನೀರು ಕೊಡುವ ಕ್ರಮ ಇದೆ. ಪದಿಮುಗಂ ಚಕ್ಕೆ ಹಾಕಿ ಕುದಿಸಿದ ನೀರು. ಒಳ್ಳೆಯ ಕ್ರಮ, ನಮ್ಮ ಕೇರಳದ ಹೆಮ್ಮೆ. ಆದರೆ ಊಟದ ಹೊತ್ತಿಗೆ ನೂರು ಮಂದಿ ಬಂದಾಗ ಕುದಿವ ನೀರನ್ನು ಆರಿಸಲು ಸಮಯ ಇಲ್ಲ. ಆಗ ಏನು ಮಾಡುತ್ತಾರೆ? ಅರ್ಧ ಜಗ್ ಕುದಿಸಿದ ನೀರಿಗೆ ಅರ್ಧ ಜಗ್ ಬಾವಿಯ ಅಥವಾ ಟ್ಯಾಂಕಿನ ತಣ್ಣೀರು ಸೇರಿಸುತ್ತಾರೆ. ಬಣ್ಣ ಕೆಂಪಾಗಿಯೇ ಇರುತ್ತದೆ, ಮುಟ್ಟಿದರೆ ಬೆಚ್ಚಗೂ ಇರುತ್ತದೆ. ಕುದಿಸಿದ್ದರ ಪ್ರಯೋಜನ ಮಾತ್ರ ಸೊನ್ನೆ. ಕುದಿಸಿದ ನೀರಿಗೆ ತಣ್ಣೀರು ಬೆರೆಸಬೇಡಿ ಎಂದು ಆರೋಗ್ಯ ಇಲಾಖೆ ಎಷ್ಟೋ ಸಲ ಹೇಳಿದೆ.

ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಇಂಥ ನೀರಿನಲ್ಲೇ ಬರುವುದು. ಅದರ ಒಂದು ಗುಣ ನಾವು ತಿಳಿದಿರಬೇಕು. ದೇಹಕ್ಕೆ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ಇವತ್ತು ಕುಡಿದ ನೀರಿಗೆ ಮುಂದಿನ ತಿಂಗಳು ಕಣ್ಣು ಹಳದಿಯಾಗುತ್ತದೆ. ಆಗ ಯಾರಿಗೆ ನೆನಪಿರುತ್ತದೆ ಎಲ್ಲಿ ನೀರು ಕುಡಿದೆವು ಎಂದು? “ಅವರ ಹೋಟೆಲಿನಲ್ಲಿ ಇಷ್ಟು ವರ್ಷ ತಿಂದಿದ್ದೇವೆ, ಏನೂ ಆಗಲಿಲ್ಲ” ಎಂದು ನಾವು ಧೈರ್ಯವಾಗಿ ಹೇಳುವುದು ಈ ಲೆಕ್ಕ ಗೊತ್ತಿಲ್ಲದೆ. ಆಗಿರಬಹುದು, ನಮಗೆ ತಿಳಿದಿಲ್ಲ ಅಷ್ಟೆ. ಆ ಕಾಮಾಲೆಗೆ ಮದ್ದು ತೆಗೆದುಕೊಂಡವರು, ಎರಡು ತಿಂಗಳು ಕೆಲಸಕ್ಕೆ ಹೋಗದೆ ಕೂತವರು ನಮ್ಮ ವಾಳೆಯಲ್ಲೇ ಇದ್ದಾರೆ.

ಪರಿಹಾರಕ್ಕೆ ದುಡ್ಡು ಬೇಡ. ರಾತ್ರಿ ಅಂಗಡಿ ಮುಚ್ಚುವ ಮೊದಲು ನೀರು ಕುದಿಸಿ ಮುಚ್ಚಿಟ್ಟರೆ ಬೆಳಿಗ್ಗೆ ತಣ್ಣಗಾಗಿರುತ್ತದೆ. ಎರಡು ದೊಡ್ಡ ಪಾತ್ರೆ, ಒಂದು ಮುಚ್ಚಳ. ಅಷ್ಟೆ.

ಎಣ್ಣೆ

ಗೋಳಿಬಜೆಯ ಆ ಕಮಟಿಗೆ ಬರೋಣ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಬೇರೆ ವಸ್ತುಗಳಾಗುತ್ತದೆ. ನೊರೆ ಬರುತ್ತದೆ, ಬೇಗ ಹೊಗೆ ಏಳುತ್ತದೆ, ಅಂಟು ಅಂಟಾಗುತ್ತದೆ, ಬಣ್ಣ ಕಾಫಿಯ ಹಾಗೆ ಆಗುತ್ತದೆ. ಇದನ್ನು ಅಳೆಯುವ ಲೆಕ್ಕಕ್ಕೆ ಟೋಟಲ್ ಪೋಲಾರ್ ಕಾಂಪೌಂಡ್ ಎನ್ನುತ್ತಾರೆ. ಅದು 25 ಶೇಕಡ ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಒಂದೇ ಎಣ್ಣೆಯನ್ನು ಮೂರು ಸಲಕ್ಕಿಂತ ಹೆಚ್ಚು ಕಾಯಿಸಬೇಡಿ ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ನಮ್ಮ ಬಾಣಲೆಗಳಲ್ಲಿ ಏನು ನಡೆಯುತ್ತಿದೆ? ಎಣ್ಣೆ ಕಡಿಮೆಯಾದಂತೆ ಮೇಲಿನಿಂದ ಹೊಸತು ಸುರಿಯುತ್ತಾರೆ. ಆ ಬಾಣಲೆಯ ತಳದ ಎಣ್ಣೆಯ ಪ್ರಾಯ ಯಜಮಾನರಿಗೂ ತಿಳಿದಿರಲಿಕ್ಕಿಲ್ಲ.

“ಅಷ್ಟು ಎಣ್ಣೆ ಚೆಲ್ಲಿದರೆ ನಾವು ಬದುಕುವುದು ಹೇಗೆ?” ಎಂಬ ಪ್ರಶ್ನೆ ನ್ಯಾಯವಾದದ್ದು. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರೆ, ಅದಕ್ಕಾಗಿ ದುಡ್ಡು ಕೊಟ್ಟು ಕೊಂಡುಕೊಳ್ಳುವವರು ಇದ್ದಾರೆ. 2018ರಲ್ಲಿ ‘ರುಕೋ’ ಎಂಬ ಯೋಜನೆ ಬಂದದ್ದೇ ಇದಕ್ಕೆ. ಒಂದೊಂದು ಹೋಟೆಲಿನ ಎರಡು ಮೂರು ಲೀಟರಿಗೆ ಗಾಡಿ ನಮ್ಮ ಹಳ್ಳಿಗೆ ಬರುವುದಿಲ್ಲ, ನಿಜ. ಪೇಟೆಯ ಹತ್ತು ಹೋಟೆಲು, ಬೇಕರಿಗಳ ಎಣ್ಣೆ ಒಂದು ಕಡೆ ಸೇರಿದರೆ ಬರಬಹುದು. ಹಾಗೆ ಸೇರಿಸುವ ಕೆಲಸ ಯಾರು ಮಾಡಬೇಕು? ಹಳೆಯ ಪೇಪರ್ ಸಂಗ್ರಹಿಸಿ ಫಂಡ್ ಮಾಡುವ ನಾವು ಅದನ್ನೂ ಮಾಡಬಹುದು.

ಪೇಪರ್ ಎಂದಾಗ ನೆನಪಾಯಿತು. ಬಿಸಿ ಬಜೆಯನ್ನು ನ್ಯೂಸ್ ಪೇಪರಿನಲ್ಲಿ ಕಟ್ಟಿಕೊಡಬಾರದು ಎಂಬ ನಿಯಮವೂ ಇದೆ. ಎಣ್ಣೆಗೆ ಶಾಯಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಬಾಳೆ ಇಲ್ಲದ ಹಿತ್ತಲು ಇಲ್ಲ, ಆದರೂ ಪೇಪರೇ ಬೇಕು.

ಬಿಸಿ ಮಾಡಿದರೆ ಎಲ್ಲ ಸರಿ ಎಂಬ ನಂಬಿಕೆ

ಇದು ಹೋಟೆಲಿನವರ ತಪ್ಪು ಮಾತ್ರ ಅಲ್ಲ, ನಮ್ಮ ಮನೆಯ ಅಮ್ಮಂದಿರ ನಂಬಿಕೆಯೂ ಹೌದು. ಬೆಂದ ಅನ್ನ, ಕೋಳಿ, ಮೀನು 5ರಿಂದ 60 ಡಿಗ್ರಿಯ ನಡುವೆ ಗಂಟೆಗಟ್ಟಲೆ ಇದ್ದರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. ಮಧ್ಯಾಹ್ನದ ಅನ್ನ ರಾತ್ರಿ ಫ್ರೈಡ್ ರೈಸ್ ಆಗುವಾಗ, ನಿನ್ನೆಯ ಕೋಳಿ ಇವತ್ತು ಚಿಲ್ಲಿ ಆಗುವಾಗ ಇದೇ ಆಗುವುದು. ಖಾರ, ಸಾಸ್, ಬಣ್ಣ ಹಾಕಿದರೆ ನಾಲಿಗೆಗೆ ತಿಳಿಯುವುದಿಲ್ಲ, ಹೊಟ್ಟೆಗೆ ತಿಳಿಯುತ್ತದೆ.

ಇದನ್ನು ಬರೆಯುವಾಗ ನನ್ನ ಕೈ ನಿಲ್ಲುವುದು ಒಂದು ನೆನಪಿನಲ್ಲಿ. 2022ರ ಮೇ 1. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಹತ್ತಾರು ಮಕ್ಕಳು ಆಸ್ಪತ್ರೆ ಸೇರಿದರು. 16 ವರ್ಷದ ಒಬ್ಬ ವಿದ್ಯಾರ್ಥಿನಿ ತೀರಿಹೋದಳು. ಪರೀಕ್ಷೆಯಲ್ಲಿ ಸಿಕ್ಕಿದ್ದು ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ. ಕಾಯಿಲೆ ತರಲು ಇದಕ್ಕೆ ಸಾವಿರ ಲಕ್ಷ ಸಂಖ್ಯೆ ಬೇಡ, ಹತ್ತರಿಂದ ನೂರು ಇದ್ದರೂ ಸಾಕು. ಶೌಚಕ್ಕೆ ಹೋಗಿ ಸರಿಯಾಗಿ ಸಾಬೂನು ಹಾಕಿ ತೊಳೆಯದ ಒಂದು ಕೈ ಸಾಕು.

ಆಮೇಲೆ ಏನೆಲ್ಲ ಆಯಿತು ನೆನಪಿದೆಯೇ? ರೈಡ್ ನಡೆಯಿತು, ಕೆಲವು ಅಂಗಡಿ ಮುಚ್ಚಿಸಿದರು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸ್ ರಾಜ್ಯದಲ್ಲಿ ನಿಷೇಧವಾಯಿತು. ಪಾರ್ಸೆಲಿನ ಮೇಲೆ ತಯಾರಾದ ಸಮಯ, ಎಷ್ಟರೊಳಗೆ ತಿನ್ನಬೇಕು ಎಂಬ ಚೀಟಿ ಅಂಟಿಸಬೇಕು ಎಂದಾಯಿತು. ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ ಆಯಿತು. ಈಗ ನಿಮ್ಮ ಹತ್ತಿರದ ಅಂಗಡಿಯಿಂದ ಒಂದು ಪಾರ್ಸೆಲ್ ತಂದು ನೋಡಿ. ಚೀಟಿ ಇದೆಯೇ? ಇಲ್ಲದಿದ್ದರೆ ನೀವು ಕೇಳಿದಿರಾ? ನಾನು ಕೇಳಿರಲಿಲ್ಲ. ಆ ಹುಡುಗಿಯ ಫೋಟೋವನ್ನು ಸ್ಟೇಟಸ್ ಹಾಕಿ ಅತ್ತವರಲ್ಲಿ ನಾನೂ ಒಬ್ಬ. ಮರುವಾರ ಚೀಟಿಯಿಲ್ಲದ ಪಾರ್ಸೆಲ್ ತಂದವರಲ್ಲೂ ನಾನೇ.

ಅಡುಗೆಮನೆಯ ಭಾಯಿ

ಎಲ್ಲರೂ ಮೇಜು, ನೆಲ, ಫ್ಯಾನಿನ ಧೂಳು ನೋಡುತ್ತಾರೆ. ಪೊರೊಟ ಹೊಡೆಯುವ ಹುಡುಗನ ಮುಖ ಯಾರೂ ನೋಡುವುದಿಲ್ಲ. ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರದಿಂದ ಬಂದ ಹುಡುಗರು ಇಲ್ಲದಿದ್ದರೆ ನಮ್ಮ ಪೇಟೆಯ ಹೋಟೆಲುಗಳಲ್ಲಿ ಅರ್ಧಕ್ಕರ್ಧ ನಾಳೆಯೇ ಮುಚ್ಚಬೇಕು. ನಾವು ಅವರಿಗೆ ಇಟ್ಟ ಒಂದೇ ಹೆಸರು ‘ಭಾಯಿ’. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಿಂತೇ ಇರುವ ಹುಡುಗನಿಗೆ ಜ್ವರ ಬಂತು, ಹೊಟ್ಟೆ ಕೆಟ್ಟಿತು ಎಂದಿಟ್ಟುಕೊಳ್ಳಿ. ರಜೆ ಹಾಕಿದರೆ ಸಂಬಳ ಕಟ್. ಅವನು ರಜೆ ಹಾಕುತ್ತಾನೆಯೇ? ಮಾತ್ರೆ ನುಂಗಿ ಹಿಟ್ಟು ಕಲಸಲು ನಿಲ್ಲುತ್ತಾನೆ. ಆ ಕೈಯಿಂದ ಬಂದ ಪೊರೊಟ ನಿಮ್ಮ ಮಗುವಿನ ತಟ್ಟೆಗೆ ಬೀಳುತ್ತದೆ.

ಕಾಯಿಲೆಯ ದಿನಕ್ಕೂ ಸಂಬಳ ಕೊಡುವುದು, ಅವನು ಮಲಗುವ ಕೋಣೆಗೆ ಸರಿಯಾದ ಕಕ್ಕಸು, ನೀರು, ಸಾಬೂನು ಇರುವುದು ಅವನಿಗೆ ಮಾಡುವ ಉಪಕಾರ ಎಂದು ತಿಳಿಯಬೇಡಿ. ಅದು ನಮ್ಮ ಹೊಟ್ಟೆಯ ಪ್ರಶ್ನೆ. ಸ್ವಚ್ಛತೆಗೆ ನಾನು ಕೊಡುವ ಮೊದಲ ಅಂಕ ಟೈಲ್ಸಿಗೆ ಅಲ್ಲ, ಇದಕ್ಕೆ.

ಬೋರ್ಡು ಯಾರಿಗೆ?

ಇನ್ನೊಂದು ದೂರು ರುಚಿಯದ್ದಲ್ಲ. ನನ್ನ ಅಜ್ಜಿ ಕನ್ನಡ ಮಾತ್ರ ಓದುತ್ತಾರೆ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು ನಿಜ, ಆದರೆ ಅಜ್ಜಿಯ ಕಣ್ಣಿಗೆ ಮಲಯಾಳ ಅಕ್ಷರ ಇಂದಿಗೂ ಸೇರಲಿಲ್ಲ. ಒಂದು ಹೋಟೆಲಿನಲ್ಲಿ ದರದ ಬೋರ್ಡು ಪೂರ್ತಿ ಮಲಯಾಳದಲ್ಲಿ. ಹುಡುಗ ಬಾಯಲ್ಲಿ ಹೇಳಿದ ರೇಟು ಒಂದು, ಬೋರ್ಡಿನಲ್ಲಿದ್ದದ್ದು ಇನ್ನೊಂದು. ನಾನು ಮಲಯಾಳ ಓದುತ್ತೇನೆ ಆದ್ದರಿಂದ ತಿಳಿಯಿತು. ಅಜ್ಜಿ ಒಬ್ಬರೇ ಹೋಗಿದ್ದರೆ ಕೊಟ್ಟು ಬರುತ್ತಿದ್ದರು.

ಇದರಲ್ಲಿ ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ. ಗಲ್ಲೆಯಲ್ಲಿ ಕೂತವರು ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಐದನ್ನೂ ನೀರು ಕುಡಿದ ಹಾಗೆ ಮಾತಾಡುತ್ತಾರೆ. ನಮ್ಮ ಊರಿನ ಸೊಗಸು ಅದು. ಮಾತಾಡುವ ಭಾಷೆಯಲ್ಲಿ ಬರೆಯಲು ಏನು ಕಷ್ಟ? ಅರ್ಧ ಬೋರ್ಡು ಕನ್ನಡಕ್ಕೆ ಕೊಡಿ. ಬರೆಯುವವರಿಲ್ಲ ಎಂದರೆ ನಾವಿದ್ದೇವೆ, ಒಂದು ಬ್ರಷ್, ಒಂದು ಡಬ್ಬಿ ಪೇಂಟ್ ನಮ್ಮ ಖರ್ಚು. ಆದರೆ ನಾವೇ ಹೋಗಿ “ಮೆನು ಕಾರ್ಡ್ ಪ್ಲೀಸ್” ಎಂದು ಇಂಗ್ಲಿಷಿನಲ್ಲಿ ಜೋರು ಮಾಡುತ್ತಿದ್ದರೆ ಕನ್ನಡದ ಬೋರ್ಡು ಕೇಳುವ ಮುಖ ನಮಗಿದೆಯೇ?

“ಅವರ ಹೋಟೆಲು, ನಮ್ಮ ಹೋಟೆಲು”

ಈ ಬರಹದ ಮೊದಲ ಸಾಲುಗಳನ್ನು ಓದುವಾಗ, ಆ ಹೋಟೆಲು ಯಾವ ಜಾತಿಯವರದ್ದು, ಯಾವ ಧರ್ಮದವರದ್ದು ಎಂದು ನಿಮ್ಮ ಮನಸ್ಸು ಲೆಕ್ಕ ಹಾಕಿತೇ? ನಿಜ ಹೇಳಿ. ನಮ್ಮ ಊರಿನಲ್ಲಿ ಹೋಟೆಲಿನ ಬಗ್ಗೆ ಬಾಯಿ ಬಿಡಲು ಹೆದರಿಕೆಯಾಗುವುದು ಇದಕ್ಕೇ. ನಾನು ಎಣ್ಣೆಯ ಬಗ್ಗೆ ಹೇಳಿದರೆ, ಸಂಜೆಯ ಒಳಗೆ ಅದು ಯಾರೋ ಒಬ್ಬರ ಧರ್ಮದ ಬಗ್ಗೆ ಹೇಳಿದ್ದಾಗಿ ಫಾರ್ವರ್ಡ್ ಆಗುತ್ತದೆ. “ಅವರಲ್ಲಿ ತಿನ್ನಬೇಡಿ” ಎಂಬ ಮೆಸೇಜುಗಳು ನಮ್ಮ ಗುಂಪುಗಳಲ್ಲೂ ಬಂದಿವೆ. ಬಂದದ್ದನ್ನು ಅಳಿಸದೆ ಸುಮ್ಮನೆ ಇದ್ದವರೂ ನಾವೇ.

ಶಿಗೆಲ್ಲಕ್ಕೆ ಧರ್ಮ ಇಲ್ಲ. ಕೊಳೆಗೂ ಇಲ್ಲ. ಬೇರೆಯವರ ಹೋಟೆಲಿನ ನೊಣ ನಿಮ್ಮ ಕಣ್ಣಿಗೆ ಕೂಡಲೇ ಕಂಡು, ನಮ್ಮವರ ಹೋಟೆಲಿನ ಇಲಿ ಕಾಣದಿದ್ದರೆ, ಅದು ಸ್ವಚ್ಛತೆಯ ಕಾಳಜಿ ಅಲ್ಲ, ದ್ವೇಷ. ಅಂಥವರ ಜತೆ ಈ ಬರಹವನ್ನು ಸೇರಿಸಬೇಡಿ.

ನಮ್ಮವರ ಕಥೆಯನ್ನೇ ಹೇಳುತ್ತೇನೆ. ಕಳೆದ ಸಲದ ಸಾಂತ್‌ಮಾರಿಗೆ ನಾವು ಯುವಜನರು ಒಂದು ಸ್ಟಾಲ್ ಹಾಕಿದ್ದೆವು. ಗೋಬಿ, ಆಮ್ಲೆಟ್, ಶರಬತ್. ಬಾಣಲೆಯ ಎಣ್ಣೆ ಸಂಜೆಯಿಂದ ರಾತ್ರಿಯವರೆಗೆ ಒಂದೇ. ಶರಬತ್ತಿನ ಐಸ್ ಎಲ್ಲಿಯದ್ದು, ಯಾವ ನೀರಿನದ್ದು ಎಂದು ಯಾರೂ ಕೇಳಲಿಲ್ಲ. ಮೀನಿಗೆ ಹಾಕುವ ಐಸೋ ಏನೋ. ಹಣ ತೆಗೆದುಕೊಂಡ ಕೈಯಲ್ಲೇ ನೀರುಳ್ಳಿ ಉದುರಿಸಿದೆವು. ನಮ್ಮ ವಾಳೆಯ ಒಬ್ಬರು ಬಾಯಿ, ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: “ಪುತಾ, ಈ ಶರಬತ್ ಮಕ್ಕಳಿಗೆ ಕೊಡಬೇಡ. ಕೈಗೆ ಗ್ಲೌಸ್ ಇಲ್ಲದಿದ್ದರೆ ಬೇಡ, ಒಂದು ಚಮಚ ಆದರೂ ಹಿಡಿ.” ನನಗೆ ಸಿಟ್ಟು ಬಂತು. ಫಂಡಿಗೆಂದು ಇಷ್ಟು ಕಷ್ಟಪಟ್ಟು ನಿಂತರೆ ಇವರಿಗೆ ತಪ್ಪೇ ಕಾಣುವುದು ಎಂದು ಗೆಳೆಯರ ಹತ್ತಿರ ಗೊಣಗಿದೆ. ಮರುದಿನ ಯೋಚಿಸಿದಾಗ ತಿಳಿಯಿತು. ಆ ರಾತ್ರಿ ನಮ್ಮ ಸ್ಟಾಲಿಗೆ ಬಂದ ಅಷ್ಟು ಮಂದಿಯಲ್ಲಿ ನನ್ನ ಮುಖ ನೋಡಿ ನಿಜ ಹೇಳಿದ್ದು ಅವರೊಬ್ಬರೇ. ಉಳಿದವರೆಲ್ಲ “ಸೂಪರ್” ಎಂದು ಹೋದರು.

ಹೇಳಿದ ಮೇಲೆ ಏನಾಯಿತು

ಬರೆಯುವ ಮೊದಲು ನಾನು ಆ ಹೋಟೆಲಿಗೆ ಮತ್ತೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಗಿರಾಕಿಗಳಿಲ್ಲದ ಹೊತ್ತು. ಒಂದು ಚಾ ಕುಡಿದು, ಎದೆ ಡವಡವ ಎನ್ನುತ್ತಾ ಹೇಳಿದೆ: “ಅಣ್ಣಾ, ಆವತ್ತು ಚೆನ್ನಾಗಿತ್ತು ಎಂದದ್ದು ಸುಳ್ಳು. ಬನ್ಸ್ ಹಳತಾಗಿತ್ತು, ಎಣ್ಣೆ ಕಮಟು. ನೀರಿಗೆ ತಣ್ಣೀರು ಸೇರಿಸುತ್ತಾರೆ ಅಂತ ಕಾಣುತ್ತದೆ.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರು ಎದ್ದು “ಒಳಗೆ ಬಾ” ಎಂದರು. ಒಲೆಯ ಹತ್ತಿರ ನಿಲ್ಲಿಸಿ ಲೆಕ್ಕ ಹೇಳಿದರು. ಗ್ಯಾಸು, ಎಣ್ಣೆ, ಮೈದ, ಹುಡುಗರ ಸಂಬಳ, ಬಾಡಿಗೆ. “ಎರಡು ರೂಪಾಯಿ ಜಾಸ್ತಿ ಮಾಡಿದರೆ ನೀವೇ ಎದುರಿನ ಅಂಗಡಿಗೆ ಹೋಗುತ್ತೀರಿ. ಬೆಳಿಗ್ಗೆ ಮಾಡಿದ ಬನ್ಸ್ ಸಂಜೆ ಬಿಸಾಡಿದರೆ ನನ್ನ ಹೆಂಡತಿ ಮಕ್ಕಳಿಗೆ ಏನು ಹಾಕಲಿ? ನೀನೇ ಹೇಳು.” ನನಗೆ ಹೇಳಲು ಉತ್ತರ ಇರಲಿಲ್ಲ. ಆಮೇಲೆ ಅವರು ಹೇಳಿದ ಮಾತು ನನಗೆ ಇವತ್ತೂ ಚುಚ್ಚುತ್ತದೆ: “ಇಷ್ಟು ವರ್ಷದಲ್ಲಿ ಒಬ್ಬರೂ ಹೀಗೆ ಹೇಳಲಿಲ್ಲ. ಕೆಲವರು ಬರುವುದು ನಿಲ್ಲಿಸಿದರು. ಯಾಕೆ ಎಂದು ನನಗೆ ಗೊತ್ತೇ ಆಗಲಿಲ್ಲ.”

ಹೈವೇ ಆರು ಪಥ ಆದ ಮೇಲೆ ದೂರದ ಪ್ರಯಾಣದವರು ನಮ್ಮ ಪೇಟೆಗಳಲ್ಲಿ ನಿಲ್ಲುವುದೇ ಕಡಿಮೆ. ಇಂಥ ಹೋಟೆಲು ಬದುಕಬೇಕಾದರೆ ಊರಿನವರೇ ಗತಿ. ಆ ಊರಿನವರು ಒಂದು ಮಾತೂ ಹೇಳದೆ ಮೆಲ್ಲಗೆ ಜಾರಿಕೊಂಡರೆ ಅವರಿಗೆ ತಿದ್ದಿಕೊಳ್ಳಲು ದಾರಿ ಎಲ್ಲಿ? “ಪಾಪ, ಬಡವರ ಹೊಟ್ಟೆಯ ಮೇಲೆ ಹೊಡೆಯಬಾರದು” ಎಂದು ನಾವು ಸುಮ್ಮನಾಗುತ್ತೇವೆ. ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು ನಮ್ಮ ಆ ಮೌನವೇ.

ಎಲ್ಲ ಸರಿಹೋಯಿತು ಎಂದು ಕಥೆ ಕಟ್ಟುವುದಿಲ್ಲ. ಎರಡು ವಾರದ ನಂತರ ಹೋದೆ. ಮೂಲೆಯಲ್ಲಿ ಮುಚ್ಚಳ ಇರುವ ದೊಡ್ಡ ಸ್ಟೀಲ್ ಪಾತ್ರೆ ಬಂದಿತ್ತು, ನೀರು ರಾತ್ರಿಯೇ ಕುದಿಸಿ ಇಡುತ್ತಾರಂತೆ. ಬನ್ಸ್ ಕಡಿಮೆ ಮಾಡುತ್ತಾರೆ, ಒಂಬತ್ತಕ್ಕೆ ಖಾಲಿ. ಎಣ್ಣೆ ಇನ್ನೂ ಪೂರ್ತಿ ಸರಿಯಿಲ್ಲ. ಅದನ್ನೂ ಹೇಳಿದೆ. ನಕ್ಕರು. “ನೀನು ಬಿಡುವವನಲ್ಲ” ಎಂದರು. ಗೋಳಿಬಜೆಗೆ ಎರಡು ರೂಪಾಯಿ ಹೆಚ್ಚಾಗಿದೆ. ಕೊಟ್ಟೆ.

ಹಾಗಾದರೆ ನಾವು ಏನು ಮಾಡುವುದು

“ಅದು ಫುಡ್ ಸೇಫ್ಟಿಯವರ ಕೆಲಸ” ಎನ್ನುವವರಿಗೆ ಒಂದು ಮಾತು. ಹೌದು, ಅವರ ಕೆಲಸವೇ. ಹೇಳಿಯೂ ತಿದ್ದಿಕೊಳ್ಳದವರ ಮೇಲೆ, ತಿಂದವರ ಜೀವಕ್ಕೆ ಅಪಾಯ ಇರುವಲ್ಲಿ, ದೂರು ಕೊಡಲೇಬೇಕು. ಫೋನಿನಲ್ಲೇ ದೂರು ಕೊಡಲು ‘ಫುಡ್ ಸೇಫ್ಟಿ ಕನೆಕ್ಟ್’ ಎಂಬ ಆ್ಯಪ್ ಇದೆ. ರೇಟಿನ ಮೋಸಕ್ಕೆ ಗ್ರಾಹಕರ ಸಹಾಯವಾಣಿ 1915 ಇದೆ. ಕೆಟ್ಟ ಮೀನು, ಕೆಟ್ಟ ಕೋಳಿ ಕಂಡ ದಿನ ಮೆಲುದನಿಯ ಮಾತಿಗೆ ಕಾಯಬೇಡಿ, ಕೂಡಲೇ ಹೇಳಿ. ಆದರೆ ಇನ್ಸ್‌ಪೆಕ್ಟರ್ ವರ್ಷಕ್ಕೆ ಒಂದು ಸಲ ಬರಬಹುದು. ನಾವು ದಿನಾ ಹೋಗುತ್ತೇವೆ.

ಅದಕ್ಕೆ ನನ್ನ ಕೋರಿಕೆ ಇಷ್ಟು. ಚೆನ್ನಾಗಿಲ್ಲದಿದ್ದರೆ ಗಲ್ಲೆಯ ಹತ್ತಿರ, ಬೇರೆ ಗಿರಾಕಿಗಳಿಲ್ಲದಾಗ, ಮೆಲ್ಲಗೆ ಹೇಳಿ. ಫೋಟೋ ತೆಗೆದು ಗುಂಪಿಗೆ ಹಾಕುವುದು ಮೊದಲ ಹೆಜ್ಜೆ ಆಗದಿರಲಿ. ಚೆನ್ನಾಗಿದ್ದರೆ ಅದನ್ನೂ ಹೇಳಿ, ಅಡುಗೆ ಮಾಡಿದ ಭಾಯಿಗೂ ಕೇಳುವ ಹಾಗೆ ಹೇಳಿ. ಒಳ್ಳೆಯ ಎಣ್ಣೆಗೆ, ತಾಜಾ ಮೀನಿಗೆ ಎರಡು ರೂಪಾಯಿ ಜಾಸ್ತಿ ಕೊಡಲು ತಯಾರಿರಿ. ಕಡಿಮೆ ರೇಟೂ ಬೇಕು, ಶುದ್ಧವೂ ಬೇಕು, ಸಾಲವೂ ಬೇಕು ಎಂದರೆ ಅದು ನ್ಯಾಯ ಅಲ್ಲ. ಸಾಲ ಇದ್ದರೆ ಈ ವಾರವೇ ತೀರಿಸಿ. ಪುಸ್ತಕದಲ್ಲಿ ಬಾಕಿ ಇಟ್ಟುಕೊಂಡವನಿಗೆ ನಿಜ ಹೇಳುವ ಧೈರ್ಯ ಬರುವುದಿಲ್ಲ, ಇದು ನನ್ನ ಸ್ವಂತ ಅನುಭವ. ಮುಂದಿನ ಸಾಂತ್‌ಮಾರಿಯ ನಮ್ಮ ಸ್ಟಾಲಿನಲ್ಲಿ ಕುದಿಸಿದ ನೀರು, ಆಗಾಗ ಬದಲಿಸುವ ಎಣ್ಣೆ, ಹಣಕ್ಕೆ ಒಬ್ಬ, ಬಡಿಸಲು ಇನ್ನೊಬ್ಬ. ಇಷ್ಟನ್ನು ಮಾಡಲಾಗದಿದ್ದರೆ ನಾವು ಸ್ಟಾಲ್ ಹಾಕುವುದೇ ಬೇಡ.

ನೀವೂ ನಮ್ಮ ಸ್ಟಾಲಿಗೆ ಬನ್ನಿ. ತಿನ್ನಿ, ಹಣ ಕೊಡಿ. “ಹೇಗಿತ್ತು?” ಎಂದು ನಾನು ಕೇಳಿದಾಗ ಮಾತ್ರ ದಯವಿಟ್ಟು ಸುಳ್ಳು ಹೇಳಬೇಡಿ.